ಏಳನೆಯ ಸೂಜಿ

ಪ್ರೊಪೆಲ್ಲರಿನ ನೆರಳು ಹುಲ್ಲಿನ ಮೇಲೆ ಗಿರಗಿರ ತಿರುಗುತ್ತಿದೆ, ಅಬ್ಬಾ, ಅಂತೂ ಮುದುಕಿಗೆ ಜೀವ ಬಂತು — ಮುದುಕಿ ಅಂದರೆ ಈ ವಿಮಾನ, ಸೈನ್ಯದಲ್ಲಿದ್ದಾಗ ಮಾವ ಇಂಥದರಲ್ಲೇ ಮರಗಳ ನೆತ್ತಿ ಸವರಿಕೊಂಡು ಹೋಗಿ ಶತ್ರುವಿನ ಫಿರಂಗಿ ಎಲ್ಲೆಲ್ಲಿವೆಯೆಂದು ನೋಡಿಬರುತ್ತಿದ್ದರಂತೆ, ಈಗ ಮುಂದಿನ ಸೀಟಿನಲ್ಲಿ ಅವರ ಬೋಳುತಲೆ, ಹಿಂದಿನದರಲ್ಲಿ ದರ್ಜಿ ಸೊಸೆ, ಇದರ ಬಟ್ಟೆ ರೆಕ್ಕೆ ಹೊಲಿಯೋಕೆ ಬರುತ್ತದೇನಮ್ಮ ಎಂದು ಕೇಳಿದ್ದರು, ಅಂಗಿ ತೋಳು ಅಂದ್ಕೊಂಡ್ರಾಯ್ತು ಬಿಡಿ ಮಾವ — ಎರಡು ತಿಂಗಳು, ಬೆನ್ನು ಬಿದ್ದುಹೋಗಿತ್ತು, ತಲೆಯ ಮೇಲೆ ಚಾಚಿಕೊಂಡಿರುವ ಆ ರೆಕ್ಕೆಬಟ್ಟೆಯ ಒಂದೊಂದು ಹೊಲಿಗೆಯೂ ಅವಳದೇ, ಕೂತ ದಿಂಬೂ ಅವಳದೇ, ಬೆಳಿಗ್ಗೆಯಷ್ಟೇ ಮುಗಿಸಿದ್ದು, ಕೆಳಗೆ ಗಂಡ ಕೈ ಬೀಸುತ್ತಿದ್ದಾನೆ, ಪುಕ್ಕಲ, ಏಣಿ ಹತ್ತಿದರೂ ಕಣ್ಣು ಮುಚ್ಚುವವನು, ನೀನೇ ಹೋಗಮ್ಮ ತಾಯಿ ಅಂದುಬಿಟ್ಟ, ತಾನೂ ಕೈ ಬೀಸೋಣವೆಂದರೆ ಜೇಬಿನ ಸೂಜಿಡಬ್ಬಿ ಬೆರಳಿಗೆ ತಗುಲಿತು, ಸುಮ್ಮನೆ ತೆರೆದಳು, ಆರು.

ಆರಾ? ಏಳಿರಬೇಕಲ್ಲ, ವಿಮಾನದ ಶೆಡ್ಡಿಗೆ ತಂದದ್ದನ್ನೆಲ್ಲ ಎಣಿಸಿಯೇ ಹೊರಗೆ ಹೋಗಬೇಕೆಂದು ಮಾವನ ಕಟ್ಟಪ್ಪಣೆ, ಇವತ್ತೊಂದು ದಿನ ಹಾರುವ ಸಂಭ್ರಮದಲ್ಲಿ ಎಣಿಸಲಿಲ್ಲ, ಥೂ ನನ್ನ ಬುದ್ಧಿಗೆ — ಇಲ್ಲದ್ದು ಬಾಗಿದ ಸೂಜಿಯೇ, ರೆಕ್ಕೆಯದು, ಒಳಗೇ ಉಳಿದಿದ್ದರೆ, ಅಲ್ಲಿ ತಂತಿ ಎಳೆಯುವ ರಾಟೆಗೆ ಸಿಕ್ಕಿಕೊಂಡರೆ ರೆಕ್ಕೆ ಮಾತೇ ಕೇಳುವುದಿಲ್ಲ, ಹೇಳಿದರೆ ಹುಡುಕಲು ಬಟ್ಟೆ ಹರಿಯಬೇಕು, ಮತ್ತೆ ಹೊಲಿಯಲು ತಿಂಗಳುಗಟ್ಟಲೆ, ಮಾವನ ಹಾರಾಟದ ಪರವಾನಗಿ ಇವತ್ತಿಗೆ ಮುಗಿಯುತ್ತದೆ, ಈ ವಯಸ್ಸಿಗೆ ಇನ್ನು ಸಾಕು ಎಂದಿದ್ದಾರೆ ಡಾಕ್ಟರು, ಇವತ್ತು ಬಿಟ್ಟರೆ ಮುದುಕಿಯನ್ನು ಅವರು ಹಾರಿಸುವುದೇ ಇಲ್ಲ, ಬಾಯಿ ಮುಚ್ಚಿಕೊಂಡು ಕೂತರೆ, ಒಂದು ಸೂಜಿ ತಾನೇ — ಚಕ್ರ ಉರುಳಿತು, ಬಾಗಿದ ಸೂಜಿ, ಹತ್ತುವಾಗ ಮಾವ ಏನಂದಿದ್ದರು, ಹಿಂದೆ ಕೂತವರ ಕೆಲಸ ಒಂದೇ ಕಣಮ್ಮ, ಕಂಡದ್ದನ್ನ ಹೇಳೋದು, ಅವರ ಭುಜ ಹಿಡಿದು ಜಗ್ಗಿದಳು, ಮಾವಾ, ನಿಲ್ಸಿ!

ಎಂಜಿನ್ ಆರಿತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಮಾವ ತಿರುಗಲಿಲ್ಲ, ಬೋಳುತಲೆ ಮಾತ್ರ ತಗ್ಗಿತು, ಸರಿ ಬಿಡು, ಹೇಳಿದ್ಯಲ್ಲ, ಅಷ್ಟು ಸಾಕು, ಇಳಿಯೋಣ — ಆ ದನಿ ಕೇಳಿ ಅಳು ಬಂತು, ದೊಪ್ಪನೆ ಹಿಂದಕ್ಕೆ ಕುಸಿದಳು, ಅಯ್ಯಯ್ಯೋ! ಚುಚ್ಚಿತು, ದಿಂಬಿನೊಳಗಿಂದ, ಹೌದಲ್ಲ, ಅಂಚು ದಪ್ಪವೆಂದು ಬೆಳಿಗ್ಗೆ ಬಾಗಿದ ಸೂಜಿಯಲ್ಲೇ ಹೊಲಿದಿದ್ದಳು, ಸಿಕ್ತು ಮಾವ, ಸಿಕ್ತು! ಎಲ್ಲಿ? ಹೇಳೋ ಜಾಗ ಅಲ್ಲ ಮಾವ! ಹಿಂದೆ ಕೂತವರು ಹೇಳ್ಲೇಬೇಕಲ್ಲಮ್ಮ, ಬೋಳುತಲೆ ನಗುತ್ತ ನಗುತ್ತ ಕುಲುಕಾಡಿತು, ಗಂಡ ಓಡಿಬಂದು ಪ್ರೊಪೆಲ್ಲರು ತಿರುಗಿಸಿದ, ಹುಲ್ಲು ಓಡಿತು, ಹುಲ್ಲು ಬಿಟ್ಟುಹೋಯಿತು, ಗಂಡ ಅಂಗಿಯ ಗುಂಡಿಯಷ್ಟಾದ, ಕೆಳಗೇನು ಕಾಣ್ತಿದೆಯಮ್ಮ ಎಂದು ಮಾವ ಕೂಗುತ್ತಿದ್ದಾರೆ, ರಸ್ತೆ, ಹೊಲ, ಏನೋ ಇವೆ, ಅವಳಿಗೆ ಕಾಣುತ್ತಿರುವುದು ಒಂದೇ, ಅಂಗೈಯಲ್ಲಿ, ಏಳನೆಯದು, ಆ ಬಾಗಿದ ಸೂಜಿ, ಅದರ ಮೊನೆಯಲ್ಲಿ ಚುಕ್ಕೆ ಬಿಸಿಲು.