ಅಳಿವೆಗೆ ಬಂದ ಕಿತ್ತಳೆ

ಹಡಗಿನಿಂದ ಎಣ್ಣೆ ಸೋರಿದರೆ ದಡದ ಯಾವ ಭಾಗಕ್ಕೆ ಅಪಾಯ ಹೆಚ್ಚು ಎಂದು ಅಳೆಯುವುದು ಅವಳ ಕೆಲಸ. ಬಂದರು ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಎಣ್ಣೆ ಮೇಡಂ. ಎಣ್ಣೆಯನ್ನು ನೀರಿನ ಮೇಲೇ ತಡೆಯುವ ತೇಲುಬೇಲಿ ಕಚೇರಿಯಲ್ಲಿ ಇದ್ದದ್ದು ಒಂದೇ. ಅದನ್ನು ಹೋಟೆಲುಗಳ ಮರಳದಂಡೆಗೆ ಕೊಡಬೇಕೋ, ಹೊಳೆ ಕಡಲು ಸೇರುವ ಕೆಸರಿನ ಅಳಿವೆಗೋ? ಅಳಿವೆಯಲ್ಲಿ ಸಿಂಪಿ ಸಾಕಿ ಹೊಟ್ಟೆ ಹೊರೆಯುವವರು ಅವಳ ಅಕ್ಕ, ಭಾವ.

“ಮೇಡಂ ಅಕ್ಕನಿಗೇ ಕೊಡ್ತಾರೆ ಬಿಡಿ” ಎಂದು ಹೋಟೆಲಿನ ಮ್ಯಾನೇಜರ್ ನಗುನಗುತ್ತಲೇ ಚುಚ್ಚಿದ್ದ.

ಅದಕ್ಕೇ ಅವಳು ಅವನನ್ನೇ ದೋಣಿ ಹತ್ತಿಸಿದಳು. ನೀರಿನ ಸೆಳೆತದಲ್ಲಿ ಎಣ್ಣೆ ಸಾಗುವ ಹಾದಿಯನ್ನೇ ಕಿತ್ತಳೆಯೂ ಹೆಚ್ಚುಕಡಿಮೆ ಹಿಡಿಯುತ್ತದೆ. ಹಡಗುಗಳು ಹಾಯುವಲ್ಲಿ ಮೂಟೆಗಟ್ಟಲೆ ಹಣ್ಣನ್ನು ಅವನ ಕೈಯಿಂದಲೇ ಸುರಿಸಿದಳು.

ಮರುದಿನ ಇಬ್ಬರೂ ದಡ ಸುತ್ತಿದರು. ಮರಳದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು. ಅಳಿವೆಯಲ್ಲಿ ನೋಡಿದರೆ ರಾಶಿ!

“ನೋಡಮ್ಮ, ಸಮುದ್ರರಾಯನೇ ಸಾಕ್ಷಿ ಹೇಳ್ಬಿಟ್ಟ” ಎಂದು ಭಾವ ಬೀಗಿದ.

ಅವಳು ಒಂದು ಹಣ್ಣನ್ನು ಎತ್ತಿ ಹೊರಳಿಸಿದಳು. ಸಿಪ್ಪೆಗೆ ಮರಳು ಮೆತ್ತಿತ್ತು. ಅಳಿವೆಯಲ್ಲೋ ಹಿಡಿ ಮರಳು ಹುಡುಕಿದರೂ ಸಿಗದು. ಮ್ಯಾನೇಜರ್ ಇನ್ನೂ ಗಮನಿಸಿರಲಿಲ್ಲ. ತುಟಿ ಬಿಚ್ಚದಿದ್ದರೆ ಬೇಲಿ ಅಕ್ಕನ ಪಾಲಿಗೆ.

“ಭಾವ, ಸಮುದ್ರರಾಯ ಮರಳದಂಡೆಯಿಂದ ಬುಟ್ಟಿ ಹೊತ್ಕೊಂಡು ಬಂದ್ನಾ?”

ಭಾವನ ಮುಖ ಹುಳ್ಳಗಾಯಿತು. ಅಕ್ಕ ಹಣೆ ಚಚ್ಚಿಕೊಂಡಳು. “ಬೇಡ ಬೇಡ ಅಂತ ಬಡ್ಕೊಂಡೆ ಕಣೇ. ಈ ಮಹಾರಾಯರು ಕೇಳ್ಬೇಕಲ್ಲ!”

“ಸಿಕ್ಕಿಬಿದ್ರಲ್ಲ! ಹಾಗಾದ್ರೆ ಬೇಲಿ ನಮ್ದೇ” ಎಂದ ಮ್ಯಾನೇಜರ್.

“ಸ್ವಲ್ಪ ತಡೀರಿ. ಅಲ್ಲಿ, ಸಿಂಪಿ ಗೂಟದ ಬುಡದಲ್ಲಿ ಅರ್ಧ ಹೂತಿರೋ ಹಣ್ಣು ಕಾಣ್ತಿದೆಯಾ? ಅದು ಯಾರೂ ಹೊತ್ತು ತಂದದ್ದಲ್ಲ, ಉಬ್ಬರವೇ ತಂದು ಹೂತದ್ದು. ನೀವೇ ಕಿತ್ತು ತನ್ನಿ.”

ಅವನು ಗತ್ತಿನಿಂದಲೇ ಕೆಸರಿಗೆ ಇಳಿದ. ಎಳೆದ, ಏದುಸಿರು ಬಿಟ್ಟ. ಹಣ್ಣು ಬಂತು, ಬೂಟು ಬರಲಿಲ್ಲ. ಬೂಟು ನುಂಗಿದ ಕೆಸರು ಮೇಲೆ ಏನೂ ಆಗೇ ಇಲ್ಲವೆಂಬಂತೆ ನುಣ್ಣಗೆ ಕೂಡಿಕೊಂಡಿತು.

“ನಿಮ್ಮ ಮರಳಿಗೆ ಬಿದ್ದ ಎಣ್ಣೇನ ಸಲಿಕೆಯಲ್ಲಿ ಬಳಿದು ಹಾಕಬಹುದು. ಇಲ್ಲಿ ಇಳಿದದ್ದು ವರ್ಷಗಟ್ಟಲೆ ಮೇಲೇಳಲ್ಲ. ಎಷ್ಟು ಬಂತು ಅನ್ನೋದೊಂದೇ ಅಲ್ಲ, ಎಷ್ಟು ಕಾಲ ಝಾಂಡಾ ಹೂಡುತ್ತೆ ಅನ್ನೋದನ್ನೂ ನಾನು ನೋಡ್ಬೇಕು. ಬೇಲಿ ಅಳಿವೆಗೇ.”

ಒಂಟಿಕಾಲಲ್ಲಿ ತೂಗಾಡುತ್ತಿದ್ದ ಮ್ಯಾನೇಜರ್ ಕೈಮುಗಿದ. “ಒಪ್ಪಿದೆ ತಾಯಿ. ಮೊದ್ಲು ನನ್ನ ಬೂಟು ಕೊಡಿಸಿ.”

ಅಕ್ಕ ಸೆರಗು ಸಿಕ್ಕಿಸಿ ಕೆಸರಿಗೆ ಕೈ ಹಾಕಿದಳು. ಮೆಲ್ಲಗೆ ಜಾರಿಕೊಳ್ಳುತ್ತಿದ್ದ ಭಾವನನ್ನು ಎಣ್ಣೆ ಮೇಡಂ ತಡೆದಳು.

“ಎಲ್ಲಿಗೆ ಭಾವ? ಕೂತು ಎಣಿಸಿ. ನೀವು ತಂದದ್ದಷ್ಟೂ ಮರಳದಂಡೆ ಲೆಕ್ಕಕ್ಕೆ ಸೇರ್ಬೇಕು.”

ಭಾವ ತೆಪ್ಪಗೆ ಕುಕ್ಕುರುಗಾಲಲ್ಲಿ ಕೂತು ಎಣಿಸತೊಡಗಿದ.