ಒಂದು ಸ್ಟೆಪ್ನಿ, ಒಂದು ಮೊಳೆ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗೆ ದೊಡ್ಡ ತಲೆನೋವಾಗಿದೆ. ಟೈರು ಗುಂಡಗಿರುತ್ತದೆ, ಅದಕ್ಕೆ ತುದಿಯೂ ಇಲ್ಲ ಮೊದಲೂ ಇಲ್ಲ ಎಂದು ಭಾರೀ ಗಾಂಭೀರ್ಯದಿಂದ ಶುರು ಮಾಡಿದ್ದೆ. ಓದಿ ನೋಡಿದರೆ ನನಗೇ ನಾಚಿಕೆಯಾಯಿತು, ಹೊಡೆದು ಹಾಕಿದೆ. ಎರಡನೆಯ ಸಲ ಒಂದು ಮೊಳೆಯಿಂದ ಶುರು ಮಾಡಿದೆ. ಬೆಟ್ಟದ ರಸ್ತೆಯ ಎರಡನೆಯ ತಿರುವಿನಲ್ಲಿ, ಯಾವುದೋ ಬಡಗಿಯ ಚೀಲದಿಂದ ಬಿದ್ದ ಉದ್ದನೆಯ ಮೊಳೆಯೊಂದು ಮೂತಿ ಮೇಲೆ ಮಾಡಿಕೊಂಡು ಕಾಯುತ್ತಿತ್ತು. ಇದು ಪರವಾಗಿಲ್ಲ ಅನ್ನಿಸಿತು. ಮೊಳೆ ಇದ್ದರೆ ಪಂಕ್ಚರ್ ಆಗುತ್ತದೆ, ಪಂಕ್ಚರ್ ಆದರೆ ಕತೆ ಆಗುತ್ತದೆ. (ನನಗೆ ಗೊತ್ತಿರುವ ಕಸುಬು ಇಷ್ಟೇ. ಇದರಲ್ಲೇ ಇಷ್ಟು ವರ್ಷ ಕಾಲ ಹಾಕಿದ್ದೇನೆ.)

ಆದರೆ ಕತೆಯ ನಾಯಕಿ ಒಪ್ಪಲಿಲ್ಲ.

"ನನ್ನ ಗಾಡಿ ಪಂಕ್ಚರ್ ಆಗಲ್ಲ" ಅಂದಳು. "ನಿಮಗೆ ಪಂಕ್ಚರ್ರೇ ಬೇಕು ಅಂದ್ರೆ ಬೇರೆಯವರ ಗಾಡಿ ನೋಡ್ಕೊಳ್ಳಿ."

೨

ಈಕೆಯನ್ನು ಎಲ್ಲರೂ ಡ್ರೈವರಮ್ಮ ಎಂದೇ ಕರೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ವ್ಯಾನು ಓಡಿಸಲು ಕಲಿತವಳು. (ಇದರ ಮೇಲೆ ಎರಡು ಪುಟ ಬರೆದಿದ್ದೆ. "ಅಳು ತರಿಸೋ ಜಾಗ ಎಲ್ಲ ತೆಗೀರಿ" ಅಂದಳು, ತೆಗೆದೆ.) ಕಿಡ್ನಿ ಕೆಟ್ಟವರನ್ನು ಬೆಟ್ಟದ ಮೇಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ಮುಗಿದ ಮೇಲೆ ವಾಪಸು ಮನೆಬಾಗಿಲಿಗೆ ಬಿಡುವುದು ಅವಳ ಕೆಲಸ. ಅಲ್ಲಿ ಮೆಷಿನ್ನುಗಳು ಕಮ್ಮಿ, ಕಾಯುವವರು ಜಾಸ್ತಿ. ತಡವಾದರೆ ಸರದಿ ಇನ್ನೊಬ್ಬರಿಗೆ ಹೋಗುತ್ತದೆ. ಹಾಗಾಗಿ ಅವಳ ಗಾಡಿ ದಾರಿಯಲ್ಲಿ ನಿಲ್ಲುವಂತಿಲ್ಲ, ಇಷ್ಟು ವರ್ಷದಲ್ಲಿ ನಿಂತದ್ದೂ ಇಲ್ಲ.

ಯಾರಾದರೂ ನಂಬದಿದ್ದರೆ ವ್ಯಾನಿನ ಹಿಂದೆ ಕರೆದುಕೊಂಡು ಹೋಗಿ ಬಗ್ಗಿಸುತ್ತಾಳೆ. ಗಾಡಿಯ ಹೊಟ್ಟೆಯ ಕೆಳಗೆ, ಸರಪಳಿಯಲ್ಲಿ ನೇತುಹಾಕಿದ ಸ್ಟೆಪ್ನಿ.

"ಹಾಕಿಸಿದವತ್ತಿಂದ ನೆಲ ಮುಟ್ಟಿಲ್ಲ" ಎನ್ನುತ್ತಾಳೆ. ಬೇರೆಯವರು ಗೋಡೆಯ ಮೇಲಿನ ಪದಕ ತೋರಿಸುವಾಗ ಮುಖ ಹೇಗಿರುತ್ತದೋ, ಹಾಗೆ.

ಈಗ ಅವಳ ಬಲಭುಜ ಮೇಲೇಳುತ್ತಿಲ್ಲ. ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ನಾಳೆ ಬೆಳಗ್ಗೆಯಿಂದ ಮಗಳು ಓಡಿಸುತ್ತಾಳೆ. ನಾಲ್ಕೂ ಟೈರು ಸವೆದು ನುಣ್ಣಗಾಗಿವೆ. ಇವತ್ತು ಬದಲಾಯಿಸಲೇಬೇಕು.

೩

ಮೂರನೆಯ ಭಾಗದಲ್ಲಿ ಟೈರ್ ಅಂಗಡಿಯ ವರ್ಣನೆ ಇತ್ತು. ಬಿಟ್ಟಿದ್ದೇನೆ. ಟೈರ್ ಅಂಗಡಿ ಹೇಗಿರುತ್ತದೆಂದು ನಿಮಗೆ ಗೊತ್ತು: ವಾಸನೆ ಮೊದಲು ಬರುತ್ತದೆ, ಅಂಗಡಿ ಆಮೇಲೆ.

೪

"ಈ ಸೈಜು ಈಗ ಬರ್ತಿಲ್ಲಮ್ಮ" ಅಂದ ಅಂಗಡಿಯವನು. "165/80, ರಿಮ್ಮು 14. ಹುಡುಕಿದ್ರೂ ಸಿಗಲ್ಲ. ಇದು ನೋಡಿ, 195/60. ಅಗಲ ಜಾಸ್ತಿ. ಗಾಡಿಗೆ ಒಂದು ಗತ್ತು ಬರುತ್ತೆ."

(ನನಗೆ ಈ ನಂಬರುಗಳ ತಲೆಬುಡ ತಿಳಿಯಲಿಲ್ಲ. ಡ್ರೈವರಮ್ಮನೇ ಹೇಳಿಕೊಟ್ಟಳು, ಬರೆದುಕೊಳ್ಳುತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಾ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ: ಅಗಲದ ನೂರಕ್ಕೆ ಎಷ್ಟು ಪಾಲು ಅಂತ. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ಅಗಲ ಹೆಚ್ಚಿದರೆ ಎರಡನೆಯ ನಂಬರು ಇಳಿಯಬೇಕು, ಆಗ ಒಟ್ಟು ಎತ್ತರ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಆದರೆ ಸಿಕ್ಕಾಪಟ್ಟೆ ಇಳಿಸಿದರೆ ಟೈರು ಕುಳ್ಳಗಾಗುತ್ತದೆ.)

"ಗತ್ತು ಬೇಡ ಅಣ್ಣ" ಅಂದಳು ಮಗಳು. "ಇದು ನಮ್ಮ ಸ್ಟೆಪ್ನಿಗಿಂತ ಕುಳ್ಳಗಿರುತ್ತೆ. ಸ್ಟೆಪ್ನಿ ಹಾಕ್ದಾಗ ಮುಂದಿನ ಚಕ್ರ ಒಂದು ಎತ್ತರ ಒಂದು ತಗ್ಗು ಆದ್ರೆ, ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ಎಳೆಯುತ್ತೆ. ಇಳಿಜಾರಲ್ಲಿ ನಾನೇನು ಮಾಡ್ಲಿ?"

"ಹಂಗಾದ್ರೆ ಹಳೇ ಸ್ಟೆಪ್ನಿ ಬಿಸಾಕಿ. ಐದೂ ಹೊಸದು ಹಾಕ್ಸಿ."

ಡ್ರೈವರಮ್ಮನ ಮುಖ ಸಣ್ಣಗಾಯಿತು. ಸವೆದ ನಾಲ್ಕನ್ನೂ ಅವಳು ಅಂಗಡಿಯ ಮೂಲೆಗೆ ಒದ್ದು ಬರಬಲ್ಲಳು. ಅದೊಂದನ್ನು ಮಾತ್ರ ಬಿಸಾಕುವ ಮಾತು ಅವಳಿಗೆ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಯಿತು. ತಾನು ಇಷ್ಟು ವರ್ಷ ಹೇಗೆ ಓಡಿಸಿದೆ ಅನ್ನುವುದಕ್ಕೆ ಅದು ಬಿಟ್ಟರೆ ಅವಳ ಹತ್ತಿರ ಬೇರೆ ಸಾಕ್ಷಿ ಏನಿದೆ?

"ಬಿಸಾಕೋದು ಬೇಡ" ಅಂದಳು ಮಗಳು. "ಅದಕ್ಕೆ ಹೊಂದೋದನ್ನೇ ಹುಡುಕೋಣ. ಇಳಿಸಿ, ನೋಡೋಣ."

"ಇಳಿಸೋದ್ಯಾಕೆ?" ಅಂದಳು ತಾಯಿ. "ನಂಬರು ನಂಗೆ ಬಾಯಿಪಾಠ."

"ನಂಬರು ನಂಗೂ ಗೊತ್ತಮ್ಮ. ಟೈರು ನೋಡ್ಬೇಕು."

೫

ಸ್ಟೆಪ್ನಿ ಇಳಿಯಲಿಲ್ಲ.

ಸರಪಳಿ ಬಿಚ್ಚುವ ಬೋಲ್ಟು ತುಕ್ಕು ಹಿಡಿದು ಕಲ್ಲಾಗಿತ್ತು. ಮಗಳು ಸ್ಪ್ಯಾನರ್ ಹಾಕಿ ಜಗ್ಗಿದಳು, ಅಲುಗಲಿಲ್ಲ. ಅಂಗಡಿಯವನು ಕೂತು ಜಗ್ಗಿದ, ಅಲುಗಲಿಲ್ಲ. (ಇಲ್ಲಿ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮೊಳೆ ಇಲ್ಲದೆಯೇ ಕತೆ ಸಿಕ್ಕಿತ್ತು.)

"ಇದನ್ನ ಬರೀಬೇಡಿ" ಅಂದಳು ಡ್ರೈವರಮ್ಮ ನನ್ನ ಕಡೆ ತಿರುಗಿ, ಮೆಲ್ಲಗೆ.

"ಬರೆದಾಯ್ತಮ್ಮ."

"ಅಳಿಸಿ. ನೀವು ಜನ್ಮದಲ್ಲಿ ಓಡಿಸಿದ್ದು ಬರೀ ಪೆನ್ನು. ಅದಕ್ಕೆ ಸ್ಟೆಪ್ನಿ ಬೇಕಾಗಿಲ್ಲ."

ನಾನು ಅಳಿಸಲಿಲ್ಲ. ಅವಳು ಒಂದು ಹಳೆಯ ಟೈರಿನ ಮೇಲೆ ಕೂತುಬಿಟ್ಟಳು. ಯಾವ ಮಳೆಗಾಲದಲ್ಲಿ ಆ ಬೋಲ್ಟು ಹಿಡಿದುಕೊಂಡಿತೋ. ಹಿಂದಿನ ಸೀಟಿನಲ್ಲಿ ಊದಿದ ಕಾಲು ಚಾಚಿಕೊಂಡು ಕೂತ ಜೀವಗಳು, ಬೆಟ್ಟದ ರಸ್ತೆ, ಪಂಕ್ಚರ್ ಆಗಿದ್ದರೆ ತಾನು ಇದೇ ಬೋಲ್ಟಿನ ಮುಂದೆ ಮಂಡಿಯೂರಿ ಕೂತಿರಬೇಕಾಗಿತ್ತು. ಎಲ್ಲರನ್ನೂ ಬಗ್ಗಿಸಿ ತೋರಿಸಿದಳು, ಒಂದು ದಿನವೂ ಇಳಿಸಿ ನೋಡಲಿಲ್ಲ.

ಮಗಳು ಬೋಲ್ಟಿಗೆ ಎಣ್ಣೆ ಬಿಟ್ಟು, ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೇನೋ ಎಂದು ತಾಯಿ ಕಾದಳು.

"ನಿಂಗೆ ಅದು ಬೇಕಾಗ್ಲೇ ಇಲ್ವಲ್ಲಮ್ಮ" ಅಂದಳು ಮಗಳು. "ಅದು ನಿನ್ನ ಕೈಗುಣ. ನಂಗೆ ಬೇಕಾಗ್ಬಹುದು."

೬

ಎಣ್ಣೆ ಕುಡಿದ ಬೋಲ್ಟು, ಉದ್ದನೆಯ ಪೈಪು ತೂರಿಸಿದ ಸ್ಪ್ಯಾನರಿಗೆ ಕೊನೆಗೂ ಕಿರುಗುಟ್ಟಿ ಸೋತಿತು. ಸ್ಟೆಪ್ನಿ ನೆಲಕ್ಕೆ ಬಂತು. ಗಾಳಿ ಅರ್ಧ ಹೋಗಿತ್ತು, ಧೂಳು ಮೆತ್ತಿತ್ತು. ಮಗಳು ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಹಾಗೇ ಹೊಳೆಯಿತು. ಹೊಸ ಟೈರಿನ ಮೈಮೇಲಿರುವ ರಬ್ಬರಿನ ಎಳೆಕೂದಲು ಕೂಡ ಉದುರಿರಲಿಲ್ಲ. ಅಂಗಡಿಯವನು ತಯಾರಾದ ವರ್ಷ ಓದಿ, ಪಕ್ಕದ ಗೋಡೆಯನ್ನು ಬೆರಳಲ್ಲಿ ಒತ್ತಿ ಬಿರುಕು ಹುಡುಕಿದ. ಸಿಗಲಿಲ್ಲ.

"ಇನ್ನೂ ಒಂದೆರಡು ವರ್ಷ ಧಾರಾಳವಾಗಿ ಇಟ್ಕೋಬಹುದು."

ಗಾಳಿ ತುಂಬಿಸಿದ ಮೇಲೆ ಮಗಳು ಸೀಮೆಸುಣ್ಣ ಕೇಳಿದಳು. ಸ್ಟೆಪ್ನಿಯನ್ನು ನಿಲ್ಲಿಸಿ, ಅದು ನೆಲ ಮುಟ್ಟುವ ಜಾಗದಲ್ಲಿ ಟೈರಿಗೊಂದು ಗೆರೆ, ನೆಲಕ್ಕೊಂದು ಗೆರೆ. ಒಂದು ಪೂರ್ತಿ ಸುತ್ತು ಉರುಳಿಸಿ, ಟೈರಿನ ಗೆರೆ ಮತ್ತೆ ಕೆಳಗೆ ಬಂದಲ್ಲಿ ನೆಲಕ್ಕೆ ಇನ್ನೊಂದು ಗೆರೆ. ಆಮೇಲೆ ಗತ್ತಿನ 195/60 ಅನ್ನು ಅಲ್ಲಿಂದಲೇ ಉರುಳಿಸಿದಳು. ಅದು ಒಂದು ಅಂಗೈಯಗಲ ಹಿಂದೆಯೇ ಸುತ್ತು ಮುಗಿಸಿತು.

"ಇದು ಬೇಡ. 185/70 ಇದ್ಯಾ?"

ಇತ್ತು. ರಿಮ್ಮಿಗೆ ಹಾಕಿಟ್ಟಿದ್ದನ್ನೇ ಅಂಗಡಿಯವನು ತಂದ. ಹೊರೆ ತಾಳುವ ನಂಬರು ಹಳೆಯದಕ್ಕಿಂತ ಮೇಲೇ ಇತ್ತು. ಈ ಸಲ ಡ್ರೈವರಮ್ಮನೂ ಎದ್ದು ಬಂದು ನಿಂತಳು. ಉರುಳಿತು. ಗೆರೆಗೂ ಗೆರೆಗೂ ಒಂದು ಹೆಬ್ಬೆರಳಿನಷ್ಟು ವ್ಯತ್ಯಾಸ.

"ಇದು ಹೊಂದುತ್ತೆ" ಅಂದಳು ತಾಯಿ, ಮಗಳಿಗಿಂತ ಮೊದಲು. "ಆದ್ರೂ ಅಗಲ ಬೇರೆ ಕಣೆ. ಸ್ಟೆಪ್ನಿ ಹಾಕ್ಕೊಂಡು ಊರು ಸುತ್ತಬೇಡ. ಮೆತ್ತಗೆ ಆಸ್ಪತ್ರೆ ಮುಟ್ಟಿಸು, ಬಂದು ಪಂಕ್ಚರ್ ಹಾಕ್ಸು."

"ಆಯ್ತು ಡ್ರೈವರಮ್ಮ" ಅಂದಳು ಮಗಳು.

೭

ನಾಲ್ಕೂ ಹೊಸ ಟೈರು ಕೂತ ಮೇಲೆ ಮನೆಗೆ ಹೋಗಬಹುದಿತ್ತು. ನಾನೂ ಪೆನ್ನು ಮುಚ್ಚಿದ್ದೆ. ಮಗಳು ಮಾತ್ರ ಜಾಕು ಎಳೆದುಕೊಂಡಳು. ಒಂದು ಸಲ ತಾನೇ ಸ್ಟೆಪ್ನಿ ಹಾಕಿ ನೋಡಬೇಕಂತೆ.

ಅಂಗಡಿಯವನು ಕೈ ಹಾಕಲು ಬಂದ. "ಮುಟ್ಬೇಡಿ" ಅಂದಳು ಡ್ರೈವರಮ್ಮ. "ಅವಳೇ ಮಾಡ್ಲಿ."

ಮಗಳು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಗಾಡಿ ಎತ್ತುವ ಮೊದಲೇ ನಟ್ಟು ಸಡಿಲ ಮಾಡಿದಳು, ಎತ್ತಿದಳು, ಚಕ್ರ ತೆಗೆದಳು, ಸ್ಟೆಪ್ನಿಯನ್ನು ಮಂಡಿಯ ಮೇಲೆ ತಂದುಕೊಂಡು ಕೂರಿಸಿದಳು. ನಟ್ಟುಗಳನ್ನು ಎದುರುಬದುರು ಬಿಗಿ ಮಾಡಿದಳು. ಜಾಕು ಇಳಿಯಿತು. ಅಷ್ಟು ವರ್ಷದ ಸ್ಟೆಪ್ನಿ, ಗಾಡಿಯ ಭಾರ ಹೊತ್ತು, ನೆಲ ಮುಟ್ಟಿತು. ಶುರು ಮಾಡುವಾಗ ತಾಯಿ ತರಿಸಿದ್ದ ಟೀ ಇನ್ನೂ ಬಿಸಿ ಇತ್ತು.

ತಾಯಿಯ ಎದೆ ಹೆಮ್ಮೆಯಿಂದ ತುಂಬಿ ಬಂತು ಎಂದು ಬರೆದರೆ ಹಳಸಲು ಅನ್ನುತ್ತೀರಿ. ಹಳಸಲಾದರೂ ಸರಿ, ತುಂಬಿ ಬಂತು. ಪದಕ ಹೋಯಿತಲ್ಲ ಎಂದು ಒಂದು ಗಳಿಗೆ ಕೂಡ ಅವಳಿಗೆ ಅನ್ನಿಸಲಿಲ್ಲ.

೮

ಈಗ ಮುಕ್ತಾಯ. ನನ್ನ ಹತ್ತಿರ ಮೂರಿವೆ, ಯಾವುದೂ ಬೇಡವಾದರೆ ಹೇಳಿ.

ಒಂದು: ಮರುದಿನ ಗಾಡಿ ಹೋಗುತ್ತದೆ, ಬರುತ್ತದೆ. (ಇದಕ್ಕೆ ಪತ್ರಿಕೆಯವರು ದುಡ್ಡು ಕೊಡುವುದಿಲ್ಲ.)

ಎರಡು: ಮೊಳೆ ಚುಚ್ಚುತ್ತದೆ, ಮಗಳು ಇಳಿಯುತ್ತಾಳೆ, ಸ್ಟೆಪ್ನಿ ಹಾಕುತ್ತಾಳೆ, ಸರದಿ ತಪ್ಪುವುದಿಲ್ಲ. ನೀವು ಚಪ್ಪಾಳೆ ತಟ್ಟುತ್ತೀರಿ. ಡ್ರೈವರಮ್ಮ ಮಾತ್ರ ನನ್ನ ಮೇಲೆ ಎಗರಿ ಬಂದಳು: "ಮೊದಲನೇ ದಿನಾನೇ ನನ್ನ ಮಗಳಿಗೆ ಪಂಕ್ಚರ್ ಮಾಡಿಸ್ತೀರಾ? ಹೆತ್ತೋರು ಇಲ್ವಾ ನಿಮಗೆ?"

ಮೂರು: ನಾನೇ ಹೋಗಿ ಮೊಳೆ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಹೊರಟೂ ಇದ್ದೆ. ಬೆಳಗ್ಗೆ ಅವರ ಮನೆಯ ಗೇಟಿನ ಹತ್ತಿರ, ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ ಮಗಳು ನನ್ನನ್ನು ತಡೆದಳು.

"ಸಾರ್, ಅದನ್ನ ಎಲ್ಲಿದೆಯೋ ಅಲ್ಲೇ ಬಿಡಿ."

"ಯಾಕಮ್ಮ?"

"ನೀವು ದಿನಾ ಕತೆ ಬರೆದು ಮೊಳೆ ಎತ್ತಲ್ಲ. ನಾನು ಗಾಡಿ ದಿನಾ ಓಡಿಸ್ಬೇಕು."

ವ್ಯಾನು ಹೊರಟಿತು. ನಾಲ್ಕು ಹೊಸ ಟೈರು, ಹೊಟ್ಟೆಯ ಕೆಳಗೆ ಎಣ್ಣೆ ಕಂಡ ಸರಪಳಿಯಲ್ಲಿ ಮತ್ತೆ ನೇತುಹಾಕಿದ, ನೆಲದ ಧೂಳು ಕಂಡ ಸ್ಟೆಪ್ನಿ. ಮೊದಲನೆಯ ತಿರುವು ದಾಟಿದ್ದು ಕಾಣಿಸಿತು. ಎರಡನೆಯದು ಮರಗಳ ಮರೆಯಲ್ಲಿದೆ. ಮೊಳೆಯೂ ಅಲ್ಲೇ ಇದೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಬನ್ನಿ ಅಮ್ಮ, ಮಹಡಿ ಹತ್ತಿದ್ರೆ ಕಾಣುತ್ತೆ. ಏನಾಯ್ತೋ ನೋಡೋಣ."

ಡ್ರೈವರಮ್ಮ ಗೇಟು ಹಾಕಿದಳು.

"ನೋಡೋದೇನಿದೆ?" ಅಂದಳು. "ಇಳಿಸೋಕೂ ಬರುತ್ತೆ ಅವಳಿಗೆ. ಹಾಕೋಕೂ ಬರುತ್ತೆ."

ಅಷ್ಟು ಹೇಳಿ, ರಸ್ತೆಯ ಕಡೆ ಒಮ್ಮೆಯೂ ತಿರುಗದೆ, ಒಳಗೆ ಹೋದಳು.