ಎಡಗೈ ಕಂಡ ಸಾಕ್ಷಿ

ಕ್ಷೌರಿಕನಿಗೆ ಕೋರ್ಟು ಎಂದರೆ ಮೊದಲಿನಿಂದಲೂ ಕೈಕಾಲು ನಡುಕ. ಇವತ್ತು ಅವನನ್ನು ಯಾರೂ ಕರೆದಿರಲಿಲ್ಲ. ಮೇಲಿನ ಕೋರ್ಟಿನ ಅಪೀಲಿನಲ್ಲಿ ಸಾಕ್ಷಿಯನ್ನು ಮತ್ತೆ ಕೂಗುವುದಿಲ್ಲ, ಅವನು ಹಿಂದೆ ಹೇಳಿದ್ದನ್ನೇ ಓದಿ ತೂಗುತ್ತಾರೆ. ಆದರೆ ಸುಮ್ಮನಿರಲು ಬಿಟ್ಟರೆ ತಾನೆ! ಕೊಲೆಯಾದ ಬಟ್ಟೆ ವ್ಯಾಪಾರಿಯ ಭಾವಮೈದ ಬೆಳಿಗ್ಗೆಯೇ ಅಂಗಡಿ ಮುಂದೆ ಕಾರು ನಿಲ್ಲಿಸಿ, "ಬಾರಯ್ಯಾ, ನಿನ್ನ ಮಾತಿನ ಮೇಲೇ ಕೇಸು ನಿಂತಿರೋದು. ನೀನೇ ಕೇಳಬೇಡ್ವಾ?" ಎಂದು ಹತ್ತಿಸಿಕೊಂಡು ಬಂದಿದ್ದ. ಈಗ ಪಕ್ಕದಲ್ಲೇ ಮೈಗೆ ಮೈ ತಾಗಿಸಿ ಕೂತಿದ್ದ.

ನಾಲ್ಕು ವರ್ಷದ ಹಿಂದೆ, ಉರಿಬಿಸಿಲ ಮಧ್ಯಾಹ್ನ, ಅಂಗಡಿ ಎದುರಿನ ಬೀದಿಯಲ್ಲಿ ವ್ಯಾಪಾರಿಗೆ ಚೂರಿ ಬಿದ್ದಿತ್ತು. ಇರಿದವನು ಹೆಲ್ಮೆಟ್ ಹಾಕಿದ್ದ, ಮುಖ ಯಾರಿಗೂ ಕಂಡಿರಲಿಲ್ಲ. ಚೂರಿ ಎಡಗೈಯಲ್ಲಿತ್ತು ಎಂದವನು ಕ್ಷೌರಿಕ ಒಬ್ಬನೇ. ಅಷ್ಟೇ ಸಾಕಾಯಿತು. ಆ ಬೀದಿಗೆಲ್ಲ ಎಡಗೈಯವನೆಂದರೆ ಬೋರ್ಡು ಬರೆಯುವವನು. ಎಲ್ಲರ ಬಾಯಲ್ಲೂ ಅವನ ಹೆಸರೇ ಎಡಚ. ಹಿಂದಿನ ವಾರವಷ್ಟೇ ಬೋರ್ಡಿನ ಬಣ್ಣ ಸರಿಯಿಲ್ಲವೆಂದು ವ್ಯಾಪಾರಿಗೂ ಅವನಿಗೂ ಜಗಳವಾಗಿತ್ತು. ಗ್ರಹಚಾರ ಕೆಟ್ಟರೆ ಹಗ್ಗವೇ ಹಾವಾಗುತ್ತದಲ್ಲ, ಎಡಚನಿಗೆ ಜೀವಾವಧಿ ಬಿತ್ತು. ಇವತ್ತಿನ ಅಪೀಲು ಅವನದೇ.

ಹಿರಿಯ ನ್ಯಾಯಾಧೀಶರು ಪೊಲೀಸರು ಬರೆದ ಅಂಗಡಿಯ ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಸಾಕ್ಷಿ ಗಿರಾಕಿಯ ಗಡ್ಡ ಹೆರೀತಿದ್ದ. ಬಾಗಿಲು ಅವನ ಬೆನ್ನ ಹಿಂದೆ. ನೋಡಿದ್ದು ಹೇಗೆ?"

"ತಿರುಗಿ ನೋಡಿದೆ ಅಂತ ಹೇಳಿದ್ದಾನೆ, ಮಹಾಸ್ವಾಮಿ," ಎಂದರು ಸರ್ಕಾರಿ ವಕೀಲರು.

"ಗಿರಾಕಿ ಕುತ್ತಿಗೆ ಮೇಲೆ ಕತ್ತಿ ಇಟ್ಕೊಂಡು ತಿರುಗಿದ್ನೇ?"

ಕ್ಷೌರಿಕ ತಿರುಗಿರಲೇ ಇಲ್ಲ. ಕುತ್ತಿಗೆ ಮೇಲೆ ಕತ್ತಿ ಇರುವಾಗ ಮನೆಗೆ ಬೆಂಕಿ ಬಿದ್ದರೂ ಕಸುಬು ಬಲ್ಲವನು ತಿರುಗುವುದಿಲ್ಲ. ಅವನು ನೋಡಿದ್ದು ಎದುರಿಗಿದ್ದ ಕನ್ನಡಿಯಲ್ಲಿ. ಹಾಗೆಂದು ಇನ್ಸ್‌ಪೆಕ್ಟರಿಗೆ ಹೇಳಿಯೂ ಇದ್ದ. ಆತ ಮೇಜು ಗುದ್ದಿ, "ಕನ್ನಡಿ ಗಿನ್ನಡಿ ಅಂದ್ರೆ ಕೇಸು ನಿಲ್ಲಲ್ಲ. ತಿರುಗಿ ನೋಡಿದೆ ಅನ್ನು. ನೋಡಿದ್ದಂತೂ ನಿಜ ತಾನೆ?" ಎಂದಿದ್ದ. ನಿಜವೇ ಎಂದುಕೊಂಡು ಇವನೂ ತಲೆಯಾಡಿಸಿದ್ದ.

"ಅವನ ಮುಂದೆ ಕನ್ನಡಿ ಇತ್ತೇ?" ನ್ಯಾಯಾಧೀಶರು ಕೇಳಿದರು.

"ನಕ್ಷೆಯಲ್ಲಿ ತೋರಿಸಿಲ್ಲ, ಮಹಾಸ್ವಾಮಿ."

ಕನ್ನಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ಕ್ಷೌರಿಕನಿಗೆ ತನ್ನ ಅಂಗಡಿ ನೆನಪಾಯಿತು. ಗಿರಾಕಿಗಳು ದಿನಕ್ಕೆ ಹತ್ತು ಸಲ ಕನ್ನಡಿಗೆ ಬೆರಳು ತೋರಿಸಿ, ಎಡಗಡೆ ಇನ್ನೂ ಸ್ವಲ್ಪ ತೆಗಿ ಎನ್ನುತ್ತಾರೆ. "ಅದು ಬಲಗಡೆ ಸ್ವಾಮೀ, ಕನ್ನಡೀಲಿ ಅದಲುಬದಲು," ಎಂದು ಇವನು ನಗಿಸುತ್ತಾನೆ. ಹಾಗಾದರೆ ಚೂರಿ? ಚೂರಿ ಬಲಗೈಯಲ್ಲಿತ್ತು. ಕುರ್ಚಿಯಲ್ಲಿ ಕೂತವರ ಎಡ ಬಲ ಅವನ ಕೈಗೇ ಗೊತ್ತಿತ್ತು, ಬೀದಿಯದು ಇವತ್ತಿನವರೆಗೆ ತಲೆಗೇ ಹೊಳೆದಿರಲಿಲ್ಲ.

"ಯಾಕಯ್ಯಾ ಬೆವರ್ತಿದ್ದೀಯ? ಹೆದರಬೇಡ, ಅಪೀಲು ವಜಾ ಆಗುತ್ತೆ," ಎಂದು ಭಾವಮೈದ ಅವನ ತೊಡೆ ತಟ್ಟಿದ. ತಟ್ಟಿದ್ದು ಬಲಗೈ. ಕ್ಷೌರಿಕನಿಗೆ ಎದ್ದು ಓಡಿಬಿಡಬೇಕೆನಿಸಿತು. ಬಾಗಿಲಲ್ಲಿದ್ದ ಜವಾನ, ಪೊಲೀಸು, ಗುಮಾಸ್ತ, ಎಲ್ಲರೂ ಬಲಗೈಯವರೇ. ಇರಿದವನು ಎಲ್ಲೋ ಹಾಯಾಗಿ ಓಡಾಡಿಕೊಂಡಿದ್ದ. ವಾರಕ್ಕೊಮ್ಮೆ ತನ್ನ ಕುರ್ಚಿಗೇ ಗಡ್ಡಕ್ಕೆ ಬರುತ್ತಿದ್ದನೋ ಏನೋ, ಯಾರು ಕಂಡರು!

ಊಟಕ್ಕೆ ಕೋರ್ಟು ಎದ್ದಿತು. "ಇಲ್ಲೇ ಇರು, ಟೀ ತರ್ತೀನಿ. ಎಲ್ಲೂ ಹೋಗಬೇಡ," ಎಂದು ಹೇಳಿ ಭಾವಮೈದ ಮೆಟ್ಟಿಲಿಳಿದ.

ಮಾತು ಆಡಿದರೆ ಹೋಯಿತು, ಸುಮ್ಮನಿದ್ದುಬಿಡೋಣ ಎಂದು ಕ್ಷೌರಿಕ ತನಗೆ ತಾನೇ ಹೇಳಿಕೊಂಡ. ಬಾಯಿಬಿಟ್ಟರೆ ಇನ್ಸ್‌ಪೆಕ್ಟರು ಬಿಡುತ್ತಾನೆಯೇ? ನಿಜವಾಗಿ ಇರಿದವನು ಬಿಡುತ್ತಾನೆಯೇ? ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅಷ್ಟರಲ್ಲಿ ಎದುರಿನ ಬೆಂಚಿನ ಮೇಲೆ ಎಡಚನ ತಾಯಿ ಕಂಡಳು. ಚಪ್ಪಲಿ ಬಿಟ್ಟು, ಊದಿದ ಪಾದ ತಿಕ್ಕಿಕೊಳ್ಳುತ್ತಿದ್ದಳು. ಕಾಲುಗಳು ಬೇಡ ಬೇಡವೆಂದರೂ ಅವನು ಅವಳ ಮುಂದೆ ಹೋಗಿ ನಿಂತ.

"ಅಮ್ಮಾ, ನಾನು ತಿರುಗಿ ನೋಡಿರಲಿಲ್ಲ. ಕನ್ನಡೀಲಿ ನೋಡಿದ್ದು. ಚೂರಿ ಇದ್ದದ್ದು ಬಲಗೈಯಲ್ಲಿ."

ಮುದುಕಿ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು.

"ನಾಲ್ಕು ವರ್ಷ," ಎಂದಳು. "ದಿನಾ ಅದೇ ಕನ್ನಡಿ ಮುಂದೆ ನಿಂತಿದ್ದೆಯಲ್ಲಪ್ಪಾ."

ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು. ಮುದುಕಿ ಎದ್ದು ಅವನ ಮಣಿಕಟ್ಟು ಹಿಡಿದಳು. "ಬಾ, ನಮ್ಮ ಲಾಯರು ಒಳಗಿದಾರೆ. ಬರೆದುಕೊಡು."

"ಸುಳ್ಳು ಸಾಕ್ಷಿ ಅಂತ ನನ್ನನ್ನೂ ಜೈಲಿಗೆ ಹಾಕ್ತಾರಮ್ಮಾ," ಎನ್ನುವಾಗ ಅವನಿಗೆ ಅಳುವೇ ಬಂದುಬಿಟ್ಟಿತು.

"ಹಾಕಲಿ ಬಿಡು. ಮಂಗಳವಾರ ಮಂಗಳವಾರ ನಿನ್ನನ್ನೂ ಬಂದು ನೋಡ್ಕೊಂಡು ಹೋಗ್ತೀನಿ," ಎಂದಳು ಅವಳು, ಕೈ ಬಿಡದೆ. "ನಂಗೆ ದಾರಿ ಗೊತ್ತು."